ಗೋಡೆ ಒಡೆಯೋ ಮುಂಚೆ ಮೂಲ ಕರಾರು ಓದಿ

ಸಬ್‌ಲೀಸ್‌ಗೆ, ಅಂದರೆ ಇನ್ನೊಬ್ಬ ಬಾಡಿಗೆದಾರರಿಂದ ಮರುಬಾಡಿಗೆಗೆ, ಹಿಡಿದ ಮಳಿಗೆಯಲ್ಲಿ ನಡುವಿನ ಪಾರ್ಟಿಷನ್ ತೆಗೆದು ಸಿಂಕ್ ಹಾಕಿಸಬೇಕು, ನಿಮಗೆ ಕೊಟ್ಟವರು ಬಾಯಲ್ಲಿ ‘ಆಗಲಿ’ ಅಂದಿದ್ದಾರೆ, ಅಷ್ಟು ಸಾಕಾ ಅಂತ ಕೇಳಿದ್ದೀರಿ. ಸಾಲದು.

ನಿಮಗೆ ಕೊಟ್ಟವರೂ ಬಾಡಿಗೆದಾರರೇ ಅಲ್ವಾ? ಅವರಿಗೇ ಇಲ್ಲದ ಹಕ್ಕನ್ನು ನಿಮಗೆ ಕೊಡೋಕೆ ಆಗಲ್ಲ. ಕಟ್ಟಡದ ಮಾಲೀಕರ ಜೊತೆ ಅವರು ಮಾಡಿಕೊಂಡ ಮೂಲ ಕರಾರಿನ ಪ್ರತಿ ಕೇಳಿ. ‘ಮಾರ್ಪಾಡಿಗೆ ಮಾಲೀಕರ ಲಿಖಿತ ಒಪ್ಪಿಗೆ ಬೇಕು’ ಅನ್ನೋ ಸಾಲು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಹಾಗಿದ್ದರೆ ಇಬ್ಬರ ಸಹಿಯೂ ಬೇಕು. ನಕ್ಷೆ ಲಗತ್ತಿಸಿ ಕೇಳಿ, ಸುಮ್ನೆ ‘ಸಣ್ಣ ಕೆಲಸ’ ಅಂತ ಬರೆಯಬೇಡಿ.

ಪಾರ್ಟಿಷನ್ ಬರೀ ಪ್ಲೈವುಡ್ಡೋ ಭಾರ ಹೊರುವ ಗೋಡೆಯೋ ಅಂತ ಎಂಜಿನಿಯರ್ ನೋಡಿ ಹೇಳಲಿ. ಸಿಂಕ್ ಅಂದರೆ ನೀರಿನ ಪೈಪು, ಡ್ರೈನ್ ಎರಡೂ ಬಂತು. ಕೆಳಗಿನ ಮಳಿಗೆಯ ಸೀಲಿಂಗ್‌ಗೆ ನೀರು ಸೋರಿದರೆ ಖರ್ಚು ನಿಮ್ಮ ತಲೆಗೇ ಬರಬಹುದು. ವಿಮೆ ಕಂಪನಿಗೂ ಮೊದಲೇ ತಿಳಿಸಿ. ಸ್ಥಳೀಯ ಆಡಳಿತದ ಪರವಾನಗಿ ಬೇಕಾದರೆ ಅದು ಬೇರೆ. ಮಾಲೀಕರು ಒಪ್ಪಿದರು ಅಂತ ಅದನ್ನು ಬಿಡೋಕೆ ಆಗಲ್ಲ.

ಜಾಸ್ತಿ ಜಗಳ ಆಗೋದು ಖಾಲಿ ಮಾಡುವಾಗ. ಪಾರ್ಟಿಷನ್ ಮತ್ತೆ ಕಟ್ಟಿಸಬೇಕಾ, ಸಿಂಕ್ ಕಿತ್ತುಕೊಂಡು ಹೋಗಬಹುದಾ, ಅಲ್ಲೇ ಬಿಟ್ಟರೆ ಅದು ಯಾರದು? ಒಪ್ಪಿಗೆ ಪತ್ರದಲ್ಲೇ ಬರೆಸಿಕೊಳ್ಳಿ. ಇಲ್ಲದಿದ್ದರೆ ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳುತ್ತಾರೆ. ಕೆಲಸಕ್ಕೆ ಮುಂಚೆ ಮೂಲೆಮೂಲೆಯ ಫೋಟೊ ತೆಗೆದಿಡಿ, ನೆಲದ ಬಿರುಕೂ ಸೇರಿಸಿ.

ಇನ್ನೊಂದು, ಮೂಲ ಕರಾರು ಮುಗಿಯೋ ತಾರೀಖು ನೋಡಿದ್ದೀರಾ? ಎಂಟು ತಿಂಗಳಷ್ಟೇ ಉಳಿದಿದ್ದರೆ ನಾನಾಗಿದ್ದರೆ ಗೋಡೆ ಮುಟ್ಟುತ್ತಿರಲಿಲ್ಲ.