ಸೊನ್ನೆ ಬರೆದು ಕಳಿಸಿದ್ದು ಸರಿಯೇ?

ಪತ್ರ: ನಮ್ಮ ಪಕ್ಕದ ಕಾಡಿನ ಬಗ್ಗೆ ಸಮೀಕ್ಷೆಗೆ ಬಂದಿದ್ದರು. “ಇದನ್ನು ಉಳಿಸಲು ವರ್ಷಕ್ಕೆ ಎಷ್ಟು ಹಣ ಕೊಡುತ್ತೀರಿ?” ಎಂದು ಕೇಳಿದರು. ಸಿಟ್ಟು ಬಂತು, ಸೊನ್ನೆ ಬರೆದೆ. ಕಾಡಿಗೆ ಬೆಲೆ ಕಟ್ಟೋಕೆ ಆಗುತ್ತಾ? ನಾನು ಮಾಡಿದ್ದು ಸರಿ ತಾನೇ? ವಾರಕ್ಕೊಮ್ಮೆ ಅಲ್ಲಿನ ತೊರೆಯ ಬಳಿ ಸುಮ್ನೆ ಕೂತು ಬರುವವನು ನಾನು.

ಸಂಪಾದಕರ ಉತ್ತರ: ಸಿಟ್ಟು ಸರಿ, ಸೊನ್ನೆ ತಪ್ಪು. “ಬೆಲೆ ಕಟ್ಟಲಾಗದು” ಎನ್ನುವ ಸೊನ್ನೆಯೂ “ಹೋದರೆ ಹೋಗಲಿ” ಎನ್ನುವ ಸೊನ್ನೆಯೂ ಕಾಗದದ ಮೇಲೆ ಒಂದೇ ಥರ ಕಾಣುತ್ತವೆ. ಒಳ್ಳೆಯ ಸಮೀಕ್ಷೆಯಾದರೆ “ಯಾಕೆ ಸೊನ್ನೆ?” ಎಂದೂ ಕೇಳುತ್ತಾರೆ. ಆದರೆ ನಿಮ್ಮದು ಪ್ರತಿಭಟನೆ ಎಂದು ಗೊತ್ತಾದರೆ ಅದನ್ನು ಲೆಕ್ಕದಿಂದ ತೆಗೆಯುವುದೇ ರೂಢಿ. ಕಾಡನ್ನು ಅಷ್ಟು ಹಚ್ಚಿಕೊಂಡ ನೀವೇ ಲೆಕ್ಕದ ಆಚೆ!

ಹಾಗಾದರೆ ದುಡ್ಡಿನ ಪ್ರಶ್ನೆ ಯಾಕೆ ಕೇಳುತ್ತಾರೆ? ಅದಕ್ಕೊಂದು ಹಿನ್ನೆಲೆ ಇದೆ. 1947ರಲ್ಲಿ ಅರ್ಥಶಾಸ್ತ್ರಜ್ಞ ಹೆರಾಲ್ಡ್ ಹೋಟೆಲಿಂಗ್ ಅಮೆರಿಕದ ರಾಷ್ಟ್ರೀಯ ಉದ್ಯಾನ ಇಲಾಖೆಗೆ ಪತ್ರ ಬರೆದು ಒಂದು ದಾರಿ ತೋರಿಸಿದರು: ಜನ ಎಷ್ಟು ದೂರದಿಂದ, ಎಷ್ಟು ಖರ್ಚು ಮಾಡಿ ಬರುತ್ತಾರೆ ನೋಡಿ, ಬೆಲೆ ಅದರಿಂದಲೇ ತಿಳಿಯುತ್ತದೆ. ಸರಿ, ಆದರೆ ಹೋಗದವರ ಕತೆ? ಒಮ್ಮೆಯೂ ನೋಡದ ಕಾಡು ಎಲ್ಲೋ ಇದ್ದರೆ ಸಾಕು ಎನ್ನುವವರೂ ಇದ್ದಾರಲ್ವಾ?

1989ರಲ್ಲಿ ಎಕ್ಸಾನ್ ವಾಲ್ಡೀಜ್ ಹಡಗಿನ ಎಣ್ಣೆ ಅಲಾಸ್ಕಾದ ಪ್ರಿನ್ಸ್ ವಿಲಿಯಂ ಸೌಂಡ್‌ಗೆ ಚೆಲ್ಲಿದಾಗ ಇದೇ ಪ್ರಶ್ನೆ ಎದ್ದಿತು. ಅಲ್ಲಿಗೆ ಯಾವತ್ತೂ ಹೋಗದ ಕುಟುಂಬಗಳನ್ನೂ ಕೇಳಿ, ಸುಮಾರು 280 ಕೋಟಿ ಡಾಲರ್ ನಷ್ಟ ಎಂದು ಅಂದಾಜು ಮಾಡಿದರು. ದೊಡ್ಡ ಜಗಳವಾಯಿತು. ನೊಬೆಲ್ ಪಡೆದಿದ್ದ ಅರ್ಥಶಾಸ್ತ್ರಜ್ಞರಾದ ಕೆನೆತ್ ಆರೋ, ರಾಬರ್ಟ್ ಸೋಲೊ ಮುಂದಾಳತ್ವದ ಸಮಿತಿ 1993ರಲ್ಲಿ “ಈ ವಿಧಾನ ನಡೆಯುತ್ತದೆ, ಆದರೆ ಬಿಗಿಯಾದ ನಿಯಮ ಬೇಕು” ಎಂದಿತು. “ಎಷ್ಟು ಕೊಡುತ್ತೀರಿ” ಎಂದು ಕೇಳಬೇಡಿ, ಒಂದು ಮೊತ್ತ ಹೇಳಿ ಹೌದು-ಇಲ್ಲ ಎಂದು ಮತ ಕೇಳಿ ಎನ್ನುವುದು ಅದರಲ್ಲೊಂದು. ನಿಮ್ಮ ಮನೆಗೆ ಬಂದವರು ಅದನ್ನೂ ಪಾಲಿಸಿಲ್ಲ.

ಸಂಶಯಪಡುವವರ ಕೈಯಲ್ಲೂ ಗಟ್ಟಿ ಸಾಕ್ಷಿ ಇತ್ತು. 2,000 ಹಕ್ಕಿ ಉಳಿಸಲು ಎಷ್ಟು ಕೊಡುತ್ತೀರಿ ಎಂದು ಒಂದು ಗುಂಪನ್ನು ಕೇಳಿದರೆ ಸರಾಸರಿ 80 ಡಾಲರ್. ಬೇರೆ ಗುಂಪಿಗೆ 20,000 ಹಕ್ಕಿ ಎಂದರೆ 78. ಎರಡು ಲಕ್ಷ ಎಂದರೆ 88. ಹಕ್ಕಿ ನೂರು ಪಟ್ಟಾದರೂ ದುಡ್ಡು ಹೆಚ್ಚುಕಡಿಮೆ ಅಷ್ಟೇ. ಜನ ಕೊಟ್ಟಿದ್ದು ಹಕ್ಕಿಗಲ್ಲ, “ನಾನು ಒಳ್ಳೆಯವನು” ಎನ್ನುವ ಸಮಾಧಾನಕ್ಕೆ ಅಂತ ನನಗನ್ನಿಸುತ್ತದೆ.

ಮೊತ್ತ ನಿಖರವಾಗಿದ್ದರೂ ಯೋಜನೆ ಮಾಡುವವರಿಗೆ ಅದು ಅರ್ಧ ಉತ್ತರ. ಕೋರ್ಟಿನಲ್ಲಿ ಪರಿಹಾರ ಕೇಳಲು ಮೊತ್ತ ಬೇಕು, ನಿಜ. ಆದರೆ ರಸ್ತೆ ಎಲ್ಲಿ ಹಾಯಬೇಕು, ಯಾವ ತುಂಡನ್ನು ಮುಟ್ಟಬಾರದು ಎಂದು ಮೊತ್ತ ಹೇಳುವುದಿಲ್ಲ. ಅದಕ್ಕೆ ನಕ್ಷೆ ಬೇಕು. ಎಣ್ಣೆ ಚೆಲ್ಲಿದ ಆ ಸಮುದ್ರದ ಅಂಚಿನಲ್ಲೇ ಇರುವ ಚುಗಾಚ್ ಅರಣ್ಯದ ಯೋಜನೆಗೆ 1990ರ ದಶಕದ ಕೊನೆಯಲ್ಲಿ ಇದನ್ನೇ ಮಾಡಿದರು. ಜನರಿಗೆ ನಕ್ಷೆ, ಅಂಟಿಸುವ ಚುಕ್ಕೆ ಕೊಟ್ಟರು. ಚಂದಕ್ಕೆ ಒಂದು ಬಗೆಯ ಚುಕ್ಕೆ, ಜೀವನೋಪಾಯಕ್ಕೆ ಇನ್ನೊಂದು, ದೈವಿಕ ಎನಿಸುವ ಜಾಗಕ್ಕೆ ಮತ್ತೊಂದು. ಯಾವ ಜಾಗ, ಯಾತಕ್ಕಾಗಿ ಬೇಕು ಎರಡೂ ಕಣ್ಣಿಗೆ ಬೀಳುತ್ತವೆ.

ಇದರಲ್ಲೂ ನಿಮ್ಮ ಸೊನ್ನೆಯ ತೊಂದರೆ ತಪ್ಪಿದ್ದಲ್ಲ. ಚುಕ್ಕೆಗಳು ರಸ್ತೆಯ ಆಸುಪಾಸಿನಲ್ಲಿ, ಸುಲಭವಾಗಿ ತಲುಪುವ ಕಡೆ ಗುಂಪುಗೂಡುತ್ತವೆ. ಯಾರೂ ಕಾಲಿಡದ ಜೌಗು ಖಾಲಿ ಉಳಿಯುತ್ತದೆ. ಖಾಲಿ ಎಂದರೆ ಬೇಡದ್ದು ಎಂದು ಓದಿಬಿಟ್ಟರೆ ಮುಗೀತು. ಹಾಗಾಗಿ ಪ್ರಾಣಿ, ನೀರು, ಮಣ್ಣಿನ ಮಾಹಿತಿಯನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಲೇಬೇಕು.

ನಿಮ್ಮ ಪತ್ರದ ಕೊನೆಯ ಸಾಲಿಗೆ ಬರುತ್ತೇನೆ. ತೊರೆಯ ಬಳಿ ಸುಮ್ನೆ ಕೂತು ಬರುತ್ತೇನೆ ಎಂದಿರಿ. ಅವರಿಗೆ ಬೇಕಿದ್ದ ಮಾಹಿತಿ ಅದೇ, ನೀವು ಅದನ್ನು ನಮಗೆ ಬರೆದಿರಿ! ಒಂದು ಕಾಗದದ ಮೇಲೆ ಆ ತೊರೆಯ ತಿರುವನ್ನು ಗೆರೆ ಎಳೆದು ತೋರಿಸಿ, ಅಲ್ಲಿ ಯಾಕೆ ಕೂರುತ್ತೀರಿ ಎಂದು ನಾಲ್ಕು ಸಾಲು ಬರೆದು, ಸಮೀಕ್ಷೆ ಮಾಡಿಸಿದ ಕಚೇರಿಗೆ ಕಳಿಸಿ. ನಕಲು ಒಂದು ಇಟ್ಟುಕೊಳ್ಳಿ.