ಟೈರಿನ ಮೈಮೇಲಿನ ಅಂಕಿ

ಪ್ರಶ್ನೆ: ಪಿಕಪ್‌ಗೆ ಕಂಪನಿಯದು 245/70 ಆರ್16, 111 ಟೈರು. ತೋಟದ ಕೆಸರಿಗೆಂದು 265/70 ಆರ್16 ಆಲ್-ಟೆರೇನ್ (ರಸ್ತೆ, ಕೆಸರು ಎರಡಕ್ಕೂ ಆಗುವ ಟೈರು) ಹಾಕಿಸಲೇ? ಕಾಫಿ ಮೂಟೆ ತುಂಬಿ ಚಾರ್ಮಾಡಿ ಇಳಿಯುತ್ತೇನೆ.
– ಓದುಗರು, ಮೂಡಿಗೆರೆ

ಉತ್ತರ: ಮೊದಲು ಕೊನೆಯ ಅಂಕಿ ನೋಡಿ. 111 ಎಂದರೆ ಸರಿಯಾದ ಗಾಳಿಯಿದ್ದಾಗ ಒಂದು ಟೈರು ಹೊರುವುದು 1,090 ಕಿಲೋ. ಹೊಸದು 112 ಇದ್ದರೆ 1,120. ಅದಕ್ಕಿಂತ ಕಡಿಮೆ ಬೇಡವೇ ಬೇಡ. ನಾನೊಮ್ಮೆ ಅಗ್ಗಕ್ಕೆ ಸಿಕ್ಕಿತೆಂದು 104 ಹಾಕಿಸಿದ್ದೆ, ಅಂದರೆ 900 ಕಿಲೋದ್ದು. ಕೊಟ್ಟಿಗೆಹಾರದಲ್ಲಿ ಟೀ ಕುಡಿದು ಬಂದು ನೋಡಿದರೆ ಹಿಂದಿನ ಟೈರಿನ ಪಕ್ಕ ನಿಂಬೆಹಣ್ಣಿನಷ್ಟು ಉಬ್ಬಿತ್ತು! ಮೂಟೆ ಇಳಿಸಿದ ಕೂಲಿಯಲ್ಲೇ ಉಳಿತಾಯ ಮುಗಿಯಿತು.

ಇನ್ನು ಅಳತೆ. 245, 265 ಎಂಬುದು ಮಿ.ಮೀ.ಯಲ್ಲಿ ಟೈರಿನ ಅಗಲ; 70 ಎಂದರೆ ಟೈರಿನ ಪಕ್ಕದ ಎತ್ತರ ಆ ಅಗಲದ ಶೇ. 70; 16 ಎಂದರೆ ಇಂಚಿನಲ್ಲಿ ರಿಮ್ಮಿನ ವ್ಯಾಸ. ಹಾಗಾಗಿ ಅಗಲ ಹೆಚ್ಚಿದರೆ ಟೈರಿನ ಎತ್ತರವೂ ಹೆಚ್ಚುತ್ತದೆ. 265ರ ವ್ಯಾಸ 28 ಮಿ.ಮೀ. ಜಾಸ್ತಿ. ಆದರೆ ಗಾಡಿ ಏರುವುದು ಅದರ ಅರ್ಧ, 14 ಮಿ.ಮೀ. ಮಾತ್ರ. ಮೀಟರ್ 60 ತೋರಿಸುವಾಗ ನೀವು 62ರಲ್ಲಿರುತ್ತೀರಿ. ಏರಿನಲ್ಲಿ ಎಳೆತ ಸ್ವಲ್ಪ ಕಡಿಮೆ. ಲೋಡ್ ಹಾಕಿ, ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಮಡ್‌ಗಾರ್ಡ್‌ಗೆ ಉಜ್ಜಲೂಬಹುದು. ಸುಮ್ನೆ ಯಾಕೆ? ಅದೇ 245ರಲ್ಲಿ, 111ಕ್ಕೆ ಕಡಿಮೆಯಿಲ್ಲದ ಆಲ್-ಟೆರೇನ್ ಹುಡುಕಿ. ಕೆಸರಲ್ಲಿ ಹಿಡಿತ ಕೊಡುವುದು ಟೈರಿನ ಹಲ್ಲು, ಅಗಲವಲ್ಲ.