ಕುರುಚಲು ಗುಡ್ಡದಾಗ ಓರಿಯಂಟೀರಿಂಗ್ ನಡಸೂದು ಹೆಂಗ? ಮೊದ್ಲ ಮಂದೀನ್ನ ಎಣಸೂದು ಗಟ್ಟಿ ಮಾಡ್ಕೋರಿ

ನೀವು ಕೇಳಿದ್ದು ಇಷ್ಟು: ರಾಣೆಬೆನ್ನೂರ ಕಡೆ ಹದಿನೈದಿಪ್ಪತ್ತು ಮಂದಿ ಟ್ರೆಕಿಂಗ್ ಗೆಳೆಯರು ಅದೀರಿ, ಊರ ಹೊರಗ ಕುರುಚಲು ಗುಡ್ಡ ಐತಿ, ನಕಾಶಿ ಕಂಪಾಸ್ ಹಿಡಕೊಂಡು, ಗುಡ್ಡದಾಗ ಕಟ್ಟಿದ ಧ್ವಜಾ ಹುಡುಕತ ಓಡೋ ಓರಿಯಂಟೀರಿಂಗ್ ಸ್ಪರ್ಧಾ ಒಂದು ನಡಸಬೇಕಂತೀರಿ, ಎಷ್ಟು ಧ್ವಜಾ ಬೇಕು, ಯಾವ ಕಂಪಾಸ್ ತರಸಬೇಕು, ಎಲ್ಲಿಂದ ಶುರು ಮಾಡಬೇಕು. ನಾನು ಧಾರವಾಡದಾಂವ. ನಾವು ಹತ್ತು ಹನ್ನೆರಡು ಮಂದಿ ಸೇರಿ ವರ್ಷಕ್ಕ ಎರಡು ಸರ್ತಿ ಇದನ್ನ ನಡಸ್ತೀವಿ, ಏಳು ವರ್ಷ ಆತು.

ಕಂಪಾಸಿನ ಮಾತು ಆಮ್ಯಾಲ ನೋಡೋಣ್ರಿ. ಈ ಹೊತ್ತಿನ್ಯಾಗ ಗುಡ್ಡದೊಳಗ ಎಷ್ಟು ಮಂದಿ ಅದಾರ ಅಂತ ಯಾರರ ಬಂದು ಕೇಳಿದ್ರ, ಫಿನಿಶ್ ಟೇಬಲ್ ಮುಂದ ಕುಂತಾಂವ ತಲಿ ಕೆರಕೊಳ್ಳದಂಗ ಹೇಳಬೇಕು. ಹದಿನಾಲ್ಕು ಅಂದ್ರ ಹದಿನಾಲ್ಕು, ಅವರ ಹೆಸರು ಇವು, ಇಷ್ಟಕ್ಕ ಹೋಗ್ಯಾರ ಅಂತ. ಇದೊಂದು ಆಗಾಂಗಿಲ್ಲ ಅಂದ್ರ ಉಳದದ್ದು ಎಷ್ಟ ಚಂದ ಇದ್ರೂ ನಡಸಬ್ಯಾಡ್ರಿ.

ಯಾಕ ಇಷ್ಟು ಬಿಗಿ ಮಾತಾಡ್ತೀನಿ ಅಂದ್ರ, ನಮ್ಮ ಮೂರನೇ ಸ್ಪರ್ಧಾದಾಗ ಅರವತ್ನಾಲ್ಕು ಮಂದಿ ಬಂದಿದ್ರು, ಹನ್ನೊಂದೂವರಿಗೆ ಕೋರ್ಸ್, ಅಂದ್ರ ಓಟದ ಹಾದಿ, ಬಂದ್ ಅಂತ ಹೇಳಿದ್ವಿ, ಹನ್ನೊಂದೂ ಮುಕ್ಕಾಲಿಗೆ ಎಣಿಸಿದ್ರ ಅರವತ್ಮೂರು. ಒಂಬತ್ತನೇ ಕ್ಲಾಸಿನ ಹುಡುಗ ಒಬ್ಬ ಬಂದಿಲ್ಲ. ಫೋನ್ ಇಲ್ಲ ಅವನ ಹತ್ರ. ಮೊದ್ಲ ಹತ್ತು ನಿಮಿಷ ಬರ್ತಾನ ಬಿಡು ಅಂದ್ವಿ, ಆಮ್ಯಾಲ ಎಂಟು ಮಂದಿ ಎರಡೆರಡು ಜೋಡಿಯಾಗಿ ಒಳಗ ಹೋದ್ವಿ, ಬಿಸಲು ನೆತ್ತಿಗೆ ಬಂದಿತ್ತು, ಕಲ್ಲಿನ ಖಣಿ ಒಂದು ಇತ್ತು ಅದರ ದಂಡಿಗೆ ನಿಂತು ಕೆಳಗ ನೋಡೂವಾಗ ನನ್ನ ಕಾಲು ನಡಗತಿದ್ವು, ಇದನ್ನ ಸುಮ್ನ ಹೇಳಾಕತ್ತಿಲ್ಲ. ಒಂದೂವರಿಗೆ ಅವರ ಮನಿ ನಂಬರ್ ಸಿಕ್ತು, ಅವರವ್ವ ಫೋನ್ ಎತ್ತಿ ‘ಹೂನ್ರೀ ಸರ, ಆವಾಗ್ಲೇ ಬಂದಾನ, ಉಣ್ಣಾಕ ಕುಂತಾನ ನೋಡ್ರಿ’ ಅಂದ್ರು. ಆಗಿದ್ದು ಏನಂದ್ರ ಹುಡುಗ ದಾರಿ ತಪ್ಪಿ ಆಚೀ ಕಡೆ ಡಾಂಬರ್ ರಸ್ತೆಗೆ ಬಂದಾನ, ಅವರ ಕಾಕಾ ಬೈಕ್ ಮ್ಯಾಲ ಹೊಂಟಿದ್ರಂತ, ಹತ್ತಿಸ್ಕೊಂಡು ಸೀದಾ ಮನಿಗೆ ಕರಕೊಂಡು ಹೋಗ್ಯಾರ. ಹುಡುಗಂದು ಏನೂ ತಪ್ಪಿಲ್ಲ. ಮುಗಿಸಲಿ ಬಿಡಲಿ, ನಡುವ ಬಿಟ್ರೂ ಸೈತ ಫಿನಿಶ್ ಟೇಬಲ್‌ಗೆ ಬಂದು ಕಾರ್ಡ್ ಕೊಟ್ಟ ಹೋಗಬೇಕು ಅಂತ ನಾವು ಅಂವಗ ಹೇಳೇ ಇರಲಿಲ್ಲ.

ಅದಕ್ಕ ಈಗ ನಾವು ಮಾಡೋದು ಹಿಂಗ: ಧ್ವಜಾ ಕಟ್ಟಿದ ಒಂದೊಂದು ಜಾಗಾಕ್ಕ ಕಂಟ್ರೋಲ್ ಅಂತಾರ; ಅಲ್ಲಿ ಮುಟ್ಟಿದ ಗುರುತು ಹಾಕೋ ಕಂಟ್ರೋಲ್ ಕಾರ್ಡಿನ ಕೆಳಗ ಹರಿಯೋ ಚೀಟಿ ಒಂದು ಇರ್ತೈತಿ, ಹೆಸರು, ಮನೀದೊಂದು ಫೋನ್ ನಂಬರ್, ಸ್ಟಾರ್ಟ್ ಟೈಮ್ ಬರದು ಸ್ಟಾರ್ಟಿನ್ಯಾಗ ಅದನ್ನ ಹರಕೊಂಡು ದಾರಕ್ಕ ಕ್ಲಿಪ್ ಹಾಕಿ ತೂಗಬಿಡ್ತೀವಿ. ಆ ಮನಶ್ಯಾ ವಾಪಸ್ ಬಂದು ಕಾರ್ಡ್ ಕೊಟ್ಟಾಗಷ್ಟ ಆ ಚೀಟಿ ದಾರದಿಂದ ಇಳೀತೈತಿ. ದಾರದ ಮ್ಯಾಲ ಎಷ್ಟು ಚೀಟಿ ಅದಾವೋ ಅಷ್ಟು ಮಂದಿ ಒಳಗ ಅದಾರ. ಇದು ನಮ್ಮ ಶೋಧ ಅಲ್ರಿ, ಎಲೆಕ್ಟ್ರಾನಿಕ್ ಚಿಪ್ ಬರೂಕಿನ ಮೊದ್ಲ ಭಾಳ ಕಡೆ ಹಿಂಗ ಮಾಡತಿದ್ರು. ಅಗದೀ ಛಲೋ ಪದ್ಧತಿ, ಕರೆಂಟ್ ಬ್ಯಾಡ ನೆಟ್‌ವರ್ಕ್ ಬ್ಯಾಡ. ಟೇಬಲ್ ಮುಂದ ಕೂಡ್ರೂ ಕೆಲಸ ಎಲ್ಲಾರಕಿಂತ ಜವಾಬ್ದಾರಿ ಇದ್ದಾರಿಗೆ ಕೊಡ್ರಿ, ಓಡಾಕ ಬರಲಾರದಾಂವ ಕೂಡ್ರಲಿ ಅಂತ ಮಾಡಬ್ಯಾಡ್ರಿ.

ಇದಕ್ಕ ಹೊಂದಿಕೊಂಡ ಇನ್ನೊಂದು ಮಾತು. ಮೊದಲನೇ ಸರ್ತಿ ಸ್ಕೋರ್ ಸ್ಪರ್ಧಾ ಇಡ್ರಿ. ಅಂದ್ರ ಹದಿನೈದು ಕಂಟ್ರೋಲ್ ಇಟ್ಟು, ಅರವತ್ತು ನಿಮಿಷ ಕೊಟ್ಟು, ಯಾವ ಕ್ರಮದಾಗರ ಹೋಗ್ರಿ, ಎಷ್ಟು ಸಿಗ್ತಾವೋ ಅಷ್ಟು ಪಾಯಿಂಟು, ತಡಾ ಆದ್ರ ನಿಮಿಷಕ್ಕಿಷ್ಟು ಕಡಿತ ಅನ್ನೂದು. ಒಂದರಿಂದ ಕೊನೀತನಕ ಕ್ರಮವಾಗಿ ಹೋಗೋ ಲೈನ್ ಕೋರ್ಸಿನ್ಯಾಗ ಒಬ್ಬಾಂವ ನಲವತ್ತು ನಿಮಿಷಕ್ಕ ಬರ್ತಾನ, ಇನ್ನೊಬ್ಬ ಮೂರು ತಾಸು ಒಳಗ ತಿರಗತಿರ್ತಾನ, ಹೊಸಾ ಗುಂಪಿಗೆ ಆ ಕಾಯೂದು ಭಾಳ ಕಷ್ಟ. ಸ್ಕೋರ್ ಆದ್ರ ಎಲ್ಲಾರೂ ಒಂದ ಹೊತ್ತಿಗೆ ವಾಪಸ್ ಬರ್ತಾರ, ಯಾರು ಇಲ್ಲ ಅನ್ನೂದು ಕೂಡ್ಲೇ ಗೊತ್ತಾಗ್ತೈತಿ.

ಜಾಗಾ. ನಿಮ್ಮ ಕಡೆ ಕೃಷ್ಣಮೃಗದ ವನ್ಯಧಾಮ ಐತಿ, ಗದಗಿನ ಕಪ್ಪತಗುಡ್ಡಾನೂ 2019ರಾಗ ವನ್ಯಧಾಮ ಆಗೈತಿ, ಎರಡೂ ಕಡೆ ಮನಸ್ಸು ಹೋಗ್ತೈತಿ, ಆದ್ರ ಅರಣ್ಯ ಇಲಾಖೆ ಪರವಾನಗಿ ಇಲ್ಲದ ಅಲ್ಲಿ ಕಾಲಿಡೋ ವಿಚಾರ ಬಿಡ್ರಿ, ನೂರು ಮಂದಿ ಕಂಟಿಯೊಳಗ ಅಡ್ಡಾದಿಡ್ಡಿ ಓಡೂದು ಅಲ್ಲಿ ಪ್ರಾಣಿಗೋಳಿಗೂ ಛಲೋ ಅಲ್ಲ. ನಾವು ನಡಸೂದು ಕಲಘಟಗಿ ರಸ್ತೆ ಕಡೆ, ಗೌಡರೊಬ್ಬರ ಬೀಳು ಜಮೀನು, ಅದರ ಬಾಜೂಕ ಗೋಮಾಳ, ಎಲ್ಲಾ ಸೇರಿ ಒಂದೂವರಿ ಚದರ ಕಿಲೋಮೀಟರ್. ಗೌಡರ ಒಪ್ಪಿಗಿ, ಪಂಚಾಯ್ತಿಗೊಂದು ಪತ್ರ, ಪೊಲೀಸ್ ಠಾಣೆಗೆ ಒಂದು ತಿಳುವಳಿಕಿ ಪತ್ರ. ಜಾಗಾ ಆರಸೂವಾಗ ಗುಡ್ಡ ಎಷ್ಟು ಎತ್ತರ ಅನ್ನೂದಕಿಂತ ಸುತ್ತ ಗಡಿ ಏನೈತಿ ನೋಡ್ರಿ. ನಮ್ಮದಕ್ಕ ಬಡಗಣಕ್ಕ ಡಾಂಬರ್ ರಸ್ತೆ, ಮೂಡಣಕ್ಕ ಹಳ್ಳ. ‘ಏನೂ ತಿಳಿಲಿಲ್ಲಂದ್ರ ಕಂಪಾಸಿನ ಕೆಂಪು ಮುಳ್ಳು ತೋರಿಸಿದ ಕಡೆ ನಡೀರಿ, ರಸ್ತೆ ಸಿಗ್ತೈತಿ, ರಸ್ತೆ ಹಿಡದು ಎಡಕ್ಕ ಬರ್ರಿ’ ಅಂತ ಹೇಳಾಕ ಬರಬೇಕು. ನಾಲ್ಕೂ ಕಡೆ ಬಯಲು ಬಿಚ್ಚಿದ ಜಾಗಾ ಹೊಸಬರಿಗೆ ಬ್ಯಾಡ.

ಜಾಗಾದ ಮಂದಿ ಬಗ್ಗೆ ಹೇಳಲೇಬೇಕು. ಓರಿಯಂಟೀರಿಂಗ್ ಧ್ವಜಾ ಅಂದ್ರ ಬಿಳಿ ಮತ್ತ ಕೇಸರಿ ಬಣ್ಣದ್ದು, ಮೂರು ಮುಖದ್ದು, ಒಂದೊಂದು ಮುಖ 30 ಸೆಂ.ಮೀ. ಚೌಕ. ನಮ್ಮ ಕಡೆ ಹೊಲದ ದಂಡಿಗೆ ಹೊರಗಿನಾಂವ ಬಂದು ಬಣ್ಣದ ಅರಬಿ ಕಟ್ಟಿದ್ರ ಅದು ಸರ್ವೇ, ಸರ್ವೇ ಅಂದ್ರ ಯಾರದೋ ಹೊಲಾ ಹೋಗೂದು. ಎರಡನೇ ವರ್ಷ ಮುಂಜಾನಿ ಕಟ್ಟಿದ ಧ್ವಜಾದಾಗ ನಾಲ್ಕು ಮಾಯ ಆಗಿದ್ವು, ಕುರಿ ಕಾಯೋ ಅಜ್ಜ ಒಬ್ಬ ಬಿಚ್ಚಿ ಕಂಬಳಿಯೊಳಗ ಇಟ್ಕೊಂಡು ಕುಂತಿದ್ದ. ಕೇಳಿದ್ರ, ‘ಮೊದ್ಲ ಹೇಳ ತಮ್ಮಾ, ಇದು ಯಾವ ರೋಡಿಂದು? ಯಾರ ಹೊಲಾ ಹೋಕ್ಕಾವು?’ ಅಂದ. ನಾ ಅವನ ಹತ್ರ ಕುಂತು ನಕಾಶಿ ಬಿಚ್ಚಿ ತೋರಿಸ್ದೆ, ಹುಡುಗೂರು ಓಡೋ ಆಟ ಯಜ್ಜಾ, ಮಧ್ಯಾಹ್ನಕ್ಕ ಎಲ್ಲಾ ಬಿಚ್ಚಿಕೊಂಡು ಹೋಗ್ತೀವಿ ಅಂದೆ. ನಕಾಶಿ ನೋಡಿ ಅಂವ ಬಟ್ಟ ಇಟ್ಟು, ಈ ಹಳ್ಳದ ತಿರುವು ತಪ್ಪು ಬರದೀರಿ, ಇಲ್ಲಿ ಎರಡು ಸೀಳು ಆಗ್ತೈತಿ ಅಂದ. ಹೋಗಿ ನೋಡಿದ್ರ ಖರೇನ. ಖಣಿ ಗ್ವಾಡಿಗೆ ಹೆಜ್ಜೇನು ಕಟ್ಟೈತಿ, ಆ ಕಡೆ ಹುಡುಗೂರನ್ನ ಬಿಡಬ್ಯಾಡ್ರಿ ಅಂತ ಹೇಳಿದಾಂವನೂ ಅವನ. ಅವತ್ತಿನಿಂದ ಎರಡು ದಿನ ಮೊದ್ಲ ಹಳ್ಳಿಗೆ ಹೋಗಿ ಕಟ್ಟಿ ಮ್ಯಾಲ ಕುಂತು ಹೇಳಿ ಬರ್ತೀವಿ, ಊರ ಹುಡುಗೂರಿಗೆ ಫೀ ಇಲ್ಲ, ನಕಾಶಿ ಬಿಟ್ಟಿ.

ನಕಾಶಿ ಮಾಡೂದು ದೊಡ್ಡ ಕೆಲಸ, ಇಲ್ಲಿ ಹೊತ್ತು ಹಾಕ್ರಿ. ಓಪನ್ ಓರಿಯಂಟೀರಿಂಗ್ ಮ್ಯಾಪರ್ ಅಂತ ಬಿಟ್ಟಿ ಸಾಫ್ಟ್‌ವೇರ್ ಐತಿ, ಫೋನ್‌ನ್ಯಾಗೂ ನಡೀತೈತಿ, ಗುಡ್ಡದಾಗ ನಿಂತ ಬರೀಬಹುದು. ಕೋರ್ಸ್ ಹಾಕಾಕ ಪರ್ಪಲ್ ಪೆನ್, ಅದೂ ಬಿಟ್ಟಿ. ಎತ್ತರ ತೋರಿಸೋ ಕಾಂಟೂರ್ ಗೆರಿಗೆ ಎಸ್‌ಆರ್‌ಟಿಎಂ ಅಂತ 2000ನೇ ಇಸ್ವಿಯಾಗ ಗಗನನೌಕೆಯಿಂದ ಅಳದ ಎತ್ತರದ ಮಾಹಿತಿ ಪುಕ್ಕಟೆ ಸಿಗ್ತೈತಿ, ಆದ್ರ ಅದರಾಗ 30 ಮೀಟರಿಗೊಂದು ಬಿಂದು, ಗುಡ್ಡದ ಆಕಾರ ಅಷ್ಟ ತಿಳೀತೈತಿ, ಸಣ್ಣ ತಗ್ಗು, ಒಡ್ಡು, ಕೃಷಿ ಹೊಂಡ ಒಂದೂ ಬರಾಂಗಿಲ್ಲ, ಅವನ್ನೆಲ್ಲಾ ನಡದ ಹಾಕಬೇಕು. ನಮಗ ಒಂದೂವರಿ ಚದರ ಕಿಲೋಮೀಟರಿಗೆ ಎಂಟು ರವಿವಾರ ಹಿಡದ್ವು. ಅಳತಿ 1:10000 ಇಡ್ರಿ, ಒಂದು ಸೆಂಟಿಮೀಟರ್ ಅಂದ್ರ ನೂರು ಮೀಟರ್, ಹೊಸಬರಿಗೆ ಲೆಕ್ಕ ಸಲೀಸು. ಉತ್ತರ ದಿಕ್ಕಿನ ಗೆರಿ ಕಂಪಾಸ್ ತೋರಿಸೋ ಉತ್ತರಕ್ಕ ಹೊಂದಿಸಿ ಹಾಕೂದು ಈ ಆಟದ ರೂಢಿ, ಅಲ್ಲಿಗೆ ಓಡಾವರಿಗೆ ದಿಕ್ಕಿನ ಫರಕ ಕೂಡಿಸಿ ಕಳಿಯೋ ಕೆಲಸ ಇರಾಂಗಿಲ್ಲ.

ಬಣ್ಣದ ವಿಷಯ ಹೊಸಬರಿಗೆ ಬಿಡಿಸಿ ಹೇಳ್ರಿ. ನಮ್ಮ ಮಂದಿ ಹಸರು ಅಂದ್ರ ಛಲೋ ಹುಲ್ಲಗಾವಲು ಅಂತ ತಿಳಕೊಂಡು ಅದರೊಳಗ ನುಗ್ಗತಾರ. ಈ ನಕಾಶಿಯೊಳಗ ಹಸರು ಅಂದ್ರ ಕಂಟಿ, ಹಸರು ಗಾಢ ಆದಂಗ ಒಳಗ ಹೋಗಾಕ ಆಗಲಾರದಂತಾ ಕಂಟಿ. ಬಿಳಿ ಅಂದ್ರ ಓಡಾಕ ಬರೋ ಗಿಡಮರದ ಕಾಡು, ಹಳದಿ ಅಂದ್ರ ಬಯಲು. ಬಳ್ಳಾರಿ ಜಾಲಿಯೊಳಗ ನೆಟ್ಟಗ ಕಂಪಾಸ್ ಹಿಡದು ಹೋದಾಂವ ಅಂಗಿ ಹರಕೊಂಡು ಬರ್ತಾನ, ಸುತ್ತಿ ಕಾಲುದಾರಿ ಹಿಡದಾಂವ ಅವನಕಿಂತ ಮೊದ್ಲ ಮುಟ್ಟಿರ್ತಾನ, ಈ ಆಟದ ಬುದ್ಧಿ ಅಲ್ಲೇ ಇರೋದು. ಇನ್ನೊಂದು ನಾವು ಪೆಟ್ಟು ತಿಂದು ಕಲತದ್ದು: ಏಪ್ರಿಲ್‌ದಾಗ ಗುಡ್ಡ ಬೋಳು ಇದ್ದಾಗ ನಕಾಶಿ ಬರದು ನವೆಂಬರದಾಗ ಸ್ಪರ್ಧಾ ಇಟ್ರ, ಮಳಿಗಾಲ ಕಳದ ಮ್ಯಾಲ ಹುಲ್ಲು ಎದಿಮಟ ಬಂದಿರ್ತೈತಿ, ನೀರು ಇಂಗಸಾಕ ತೋಡಿದ ಟ್ರೆಂಚ್ ಒಂದೂ ಕಾಣಾಂಗಿಲ್ಲ, ಓಡೂವಾಗ ಕಾಲು ಒಳಗ ಇಳದು ಪಾದ ಉಳಕತೈತಿ. ದಸರಾ ಆದ ಮ್ಯಾಲ ಮತ್ತೊಮ್ಮೆ ಪೂರ್ತಿ ನಡದು ನೋಡ್ರಿ.

ಪ್ರಿಂಟ್ ಹಾಕಸೂವಾಗ ಅಂಗಡಿಯಾಗ ನಿಂತ ಹಾಕಸ್ರಿ. ಒಮ್ಮೆ ‘ಪೇಜಿಗೆ ಹೊಂದಿಸು’ ಅನ್ನೋ ಗುರುತು ಬಿದ್ದು ನಕಾಶಿ ಸಣ್ಣದಾಗಿ ಬಂದಿತ್ತು, ಯಾರೂ ನೋಡ್ಲಿಲ್ಲ, ಅವತ್ತು ಹೆಜ್ಜಿ ಎಣಿಸಿ ದೂರ ಅಳಕೊಂಡು ಹೋದ ಶಾಣ್ಯಾರೆಲ್ಲಾ ತಪ್ಪಿದ್ರು, ಅವರಿಗೆ ನಾವು ಅನ್ಯಾಯ ಮಾಡಿದಂಗಾತು. ಮೊದಲನೇ ಕಾಗದ ಬಂದ ಕೂಡ್ಲೇ ಸ್ಕೇಲ್ ಪಟ್ಟಿ ಇಟ್ಟು ಒಂದು ಕಿಲೋಮೀಟರ್ 10 ಸೆಂಟಿಮೀಟರ್ ಬರ್ತೈತಿಲ್ಲ ಅಳೀರಿ.

ಧ್ವಜಾ ಟೇಲರ್ ಕಡೆ ಹೊಲಸ್ರಿ, ಹೊರಗಿಂದ ತರಸೂದು ಬೇಕಾಗಿಲ್ಲ. ಕಾರ್ಡಿಗೆ ತೂತು ಹಾಕೋ ಪಂಚ್ ಇಲ್ಲಂದ್ರ ಬ್ಯಾರೆ ಬ್ಯಾರೆ ಬಣ್ಣದ ಕ್ರೇಯಾನ್ ದಾರಾ ಕಟ್ಟಿ ತೂಗಬಿಡ್ರಿ, ಕಾರ್ಡಿನ ಮ್ಯಾಲ ಗೀಚಿಕೊಂಡು ಬರ್ತಾರ. ಕಂಟ್ರೋಲ್ ನಂಬರ್ 31ರಿಂದ ಶುರು ಮಾಡೂದು ರೂಢಿ, ಕೋರ್ಸಿನ ಒಂದು ಎರಡು ಮೂರರ ಜೋಡಿ ಗೊಂದಲ ಆಗಬಾರದಂತ, ಮತ್ತ 66, 68, 86, 99 ಇಂಥವು ಉಲ್ಟಾ ತೂಗಿದ್ರ ಬ್ಯಾರೆ ನಂಬರ್ ಆಗಿ ಕಾಣ್ತಾವು, ಅವನ್ನ ಬಿಡ್ರಿ. ಕಂಪಾಸ್ ಸಾದಾ ಪಾರದರ್ಶಕ ಪಟ್ಟಿ ಇದ್ದದ್ದು ಸಾಕು. ಅದ ಕೈಯಾಗ ಫೋನ್ ಹಿಡೀಬ್ಯಾಡ್ರಿ, ಮುಳ್ಳು ಸರೀತೈತಿ. ನಿಮ್ಮ ಗುಂಪಿನ್ಯಾಗ ಕಾಲೇಜಿನ್ಯಾಗ ಎನ್‌ಸಿಸಿ ಮಾಡಿದಾರಿದ್ರ ಅವರಿಗೆ ನಕಾಶಿ ಓದೂದು ಮೊದಲಿಂದ ಬರ್ತೈತಿ, ಹುಡುಕ್ರಿ.

ಕೋರ್ಸ್ ಹಾಕಿದಾಂವ ಒಬ್ಬನ ಧ್ವಜಾ ಕಟ್ಟಬಾರದು. ಒಬ್ಬಾಂವ ಹಿಂದಿನ ವಾರ ಜಾಗಾಕ್ಕ ರಿಬ್ಬನ್ ಕಟ್ಟಿ ಬರಬೇಕು, ಇನ್ನೊಬ್ಬಾಂವ ನಕಾಶಿ ಅಷ್ಟ ಹಿಡಕೊಂಡು ಹೋಗಿ ಆ ರಿಬ್ಬನ್ ಸಿಗ್ತಾವಿಲ್ಲ ನೋಡಬೇಕು. ಅಲ್ಲಿ ಎಲ್ಲಾ ಟ್ರೆಂಚೂ ಒಂದ ನಮೂನಿ ಇರ್ತಾವು, ಒಂದು ಟ್ರೆಂಚ್ ಆಚೆ ಕಟ್ಟಿದ್ರ ನಲವತ್ತು ಮಂದಿ ಹತ್ತತ್ತು ನಿಮಿಷ ಹುಡುಕತಾರ. ಧ್ವಜಾ ಮುಚ್ಚಿಡೂದು ಬ್ಯಾಡ. ನಕಾಶಿ ಸರಿ ಓದಿದಾಂವಗ ಅದು ಎದುರಿಗೆ ಕಾಣಬೇಕು.

ದಿನದ ವಿಷಯ ಜಲ್ದಿ ಹೇಳಿ ಮುಗಸ್ತೀನಿ. ನವೆಂಬರದಿಂದ ಫೆಬ್ರವರಿ ನಡುವ, ಮುಂಜಾನಿ ಏಳೂವರಿಗೆ ಸ್ಟಾರ್ಟ್, ಹನ್ನೊಂದಕ್ಕ ಬಂದ್. ಜೋರ ಮಳಿ ಆಗಿ ಎರೀಮಣ್ಣು ಒಣಗಿಲ್ಲಂದ್ರ ಮುಂದ ಹಾಕ್ರಿ, ಬೂಟಿಗೆ ಮಣ್ಣು ಮೆತ್ತಿ ಕಾಲು ಎತ್ತಾಕ ಆಗಾಂಗಿಲ್ಲ. ಉದ್ದನ ಪ್ಯಾಂಟ್ ಕಡ್ಡಾಯ, ಒಬ್ಬೊಬ್ಬರಿಗೆ ಒಂದೊಂದು ಸೀಟಿ ಕಡ್ಡಾಯ, ನಿಮಿಷಕ್ಕ ಆರು ಸರ್ತಿ ಊದಿದ್ರ ತ್ರಾಸಿನ್ಯಾಗ ಅದಾನ ಅಂತ ಅರ್ಥ, ಯಾರ ಕಿವಿಗೆ ಬಿದ್ರೂ ಸ್ಪರ್ಧಾ ಬಿಟ್ಟು ಆ ಕಡೆ ಹೋಗಬೇಕು. ಬೀಡಿ ಸಿಗರೇಟ್ ಒಳಗ ಒಯ್ಯಾಂಗಿಲ್ಲ, ಒಣಹುಲ್ಲು. ಹಾವು ಕಡದ್ರ ಗಾಯಾ ಕೊಯ್ಯೂದು ಹೀರೂದು ಬಿಗಿಯಾಗಿ ಕಟ್ಟೂದು ಯಾವುದೂ ಮಾಡದ, ಕೈಕಾಲು ಅಲಗಾಡದಂಗ ಹಿಡದು, 108ಕ್ಕ ಫೋನ್ ಮಾಡಿ, ವಿಷಕ್ಕ ಇಂಜೆಕ್ಷನ್ ಇರೋ ದವಾಖಾನಿಗೆ ಒಯ್ಯಬೇಕು. ಯಾವ ದವಾಖಾನಿಯಾಗ ಅದು ಐತಿ ಅಂತ ಹಿಂದಿನ ದಿನಾನ ಹೋಗಿ ಕೇಳಿ ಬರ್ರಿ, ಒಂದು ಗಾಡಿ ರಸ್ತೆ ಕಡೆ ಮುಖ ಮಾಡಿ ನಿಲ್ಲಸಿ ಕೀಲಿ ಟೇಬಲ್ ಮ್ಯಾಲ ಇಡ್ರಿ. ಫಿನಿಶಿನ್ಯಾಗ ಮಜ್ಜಿಗಿ, ಬಾಳಿಹಣ್ಣು, ಗಿರ್ಮಿಟ್ಟು ಇದ್ರ ಕಾರ್ಡ್ ಕೊಡದ ಮನಿಗೆ ಹೋಗಾವ್ರು ಕಡಿಮಿ ಆಗ್ತಾರ, ಇದು ಅನುಭವದ ಮಾತು.

ದಾರದ ಮ್ಯಾಲಿನ ಕಡೀ ಚೀಟಿ ಇಳೀತನಕ ಧ್ವಜಾ ಬಿಚ್ಚಾಕ ಯಾರನ್ನೂ ಕಳಸಬ್ಯಾಡ್ರಿ, ಇನ್ನೂ ಹುಡುಕಾಕತ್ತಿದಾಂವಗ ಧ್ವಜಾ ಇಲ್ಲಂದ್ರ ಅಂವ ಮತ್ತಷ್ಟು ಒಳಗ ಹೋಗ್ತಾನ. ಎಲ್ಲಾರೂ ಬಂದ ಮ್ಯಾಲ ಬಿಚ್ಚಾಕ ಹೋಗಾವರದೂ ಹೆಸರು ಟೈಮ್ ಬರದು ಅವರದೂ ಚೀಟಿ ಅದ ದಾರಕ್ಕ ಹಾಕ್ರಿ.

ನಮ್ಮ ಹತ್ರ ಇಪ್ಪತ್ನಾಲ್ಕು ಧ್ವಜಾ ಅದಾವು, ಡಿಸೆಂಬರ್ ಒಂದ ತಿಂಗಳು ನಮಗ ಬೇಕು, ಉಳದ ಯಾವ ತಿಂಗಳರ ಕೇಳ್ರಿ, ಹಾವೇರಿ ಬಸ್ಸಿಗೆ ಹಾಕಿ ಕಳಸ್ತೀವಿ. ಎಣಿಸಿ ಕಳಸ್ತೀವಿ, ಎಣಿಸಿ ಕಳಸ್ರಿ.